ಎಲ್ಲಿ ಬೇಕಾದರೂ ಕೂತು ಮಾಡುವ ಕೆಲಸ

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದದ್ದು ಒಂದು ಶುಕ್ರವಾರ, ಜುಮ್ಮಾ ನಮಾಜು ಮುಗಿದ ಮೇಲೆ. ಮುನವ್ವರ್ ಕಂಕುಳಲ್ಲಿ ಬಿಳಿ ಡಬ್ಬ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಮಿಠಾಯಿ ಪೊಟ್ಟಣ ತೂಗಾಡಿಸಿಕೊಂಡು, ಚಪ್ಪಲಿ ಬಿಡುವುದಕ್ಕೂ ಮೊದಲೇ ಕೂಗಿದ.

"ಆಪಾ, ಕಣ್ಣು ಮುಚ್ಕೊಂಡು ಆಚೆ ಬಾ!"

"ಕಣ್ಣು ಮುಚ್ಕೊಂಡ್ರೆ ಅನ್ನ ತಳ ಹಿಡಿಯುತ್ತೆ. ನೀನೇ ಒಳಗೆ ಬಾ" ಎಂದಳು ಸಬೀಹಾ, ಒಲೆಯ ಮುಂದಿನಿಂದಲೇ.

ಅವನು ಬರಲಿಲ್ಲ. ನಡುಮನೆಯ ತಖ್ತದ ಮೇಲೆ ಡಬ್ಬ ಇಟ್ಟು ಎಲ್ಲರನ್ನೂ ಕರೆದ. ಅಮ್ಮಿ ಜಪಮಣಿ ಹಿಡಿದೇ ಬಂದರು. ಅವನ ಹೆಂಡತಿ ತಸ್ನೀಮ್ ದುಪಟ್ಟಾ ಸರಿಮಾಡಿಕೊಳ್ಳುತ್ತ ಬಂದಳು. ಏಳು ವರ್ಷದ ಇಫ್ರಾ ಎಲ್ಲರಿಗಿಂತ ಮುಂದೆ ಬಂದು ಕೂತಿದ್ದಳು. ಸಬೀಹಾ ಗ್ಯಾಸು ಸಣ್ಣ ಮಾಡಿ, ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಡಬ್ಬ ಬಿಚ್ಚಿ ಆಗಿತ್ತು.

ಬೆಳ್ಳಿ ಬಣ್ಣದ್ದು. ಪಠ್ಯಪುಸ್ತಕಕ್ಕಿಂತ ತೆಳ್ಳಗಿತ್ತು. ಮುನವ್ವರ್ ಅದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ. "ನೋಡು. ಒಂದು ಕಿಲೋ ಇನ್ನೂರು ಗ್ರಾಂ. ನಿನ್ನ ಆ ಹಳೇ ಲ್ಯಾಪ್‌ಟಾಪು, ಆ ಕಬ್ಬಿಣದ ಪೆಟ್ಟಿಗೆ ಎತ್ತೋದ್ರಲ್ಲೇ ನಿನ್ನ ಭುಜ ಬಿದ್ದೋಗಿತ್ತು."

"ನಿನ್ಗೆ ಯಾಕೋ ಇಷ್ಟೆಲ್ಲ ಖರ್ಚು" ಎಂದಳು ಸಬೀಹಾ. ಆದರೆ ಅವಳ ಮುಖ ಅರಳಿತ್ತು. ತಮ್ಮ ತನಗೆಂದು ಕೊನೆಯ ಸಲ ಏನಾದರೂ ತಂದದ್ದು ಅವನ ಮದುವೆಯ ವರ್ಷ. "ಹಾಗಾದ್ರೆ ಹಳೇದು? ಮೊನ್ನೆ ಬುಧವಾರ ಧೂಳು ತೆಗಿಸ್ಕೊಂಡು ಬರ್ತೀನಂತ ಒಯ್ದಿದ್ದೆಯಲ್ಲ."

"ಅದು ಎಕ್ಸ್‌ಚೇಂಜ್‌ನಲ್ಲಿ ಹೋಯ್ತು ಆಪಾ. ನಿನ್ನ ಫೈಲು ಒಂದೂ ಬಿಡ್ದೆ ಇದ್ರಲ್ಲಿ ತುಂಬಿಸ್ಕೊಟ್ಟಿದೀನಿ. ನಮ್ಮ ಶೋರೂಮಲ್ಲಿ ಹಳೇ ಮಾಲಿಗೆ ಯಾರೂ ಕೊಡದಷ್ಟು ಬೆಲೆ ಕೊಡಿಸ್ದೆ, ಗೊತ್ತಾ?"

"ನನ್ನ ಕೇಳ್ಬೇಕಿತ್ತು."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಅದು ನಿಜವೇ ಆಗಿತ್ತು. ಅಮ್ಮಿ ಹೊಸ ಲ್ಯಾಪ್‌ಟಾಪಿನ ಮೇಲೆ ಏನೋ ಓದಿ ಊದಿದರು. ಇಫ್ರಾ ಕಲಾಕಂದ್ ಹಂಚಿದಳು. ಸಬೀಹಾ ತನ್ನ ತುಂಡು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು. ಅನ್ನ ಸ್ವಲ್ಪ ತಳ ಹಿಡಿದಿತ್ತು.

ಸಬೀಹಾಗೆ ನಲವತ್ತಮೂರು. ಅವಳ ತಂದೆ ಕಾತಿಬ್, ಅಂದರೆ ಕೈಯಲ್ಲಿ ಅಕ್ಷರ ಬರೆಯುವವರು. ಹಳೇ ಹೈದರಾಬಾದಿನ ಮದುವೆ ಕರೆಯೋಲೆಗಳು, ರುಕ್ಕಾಗಳು, ಅವರ ಬಿದಿರಿನ ಲೇಖನಿಯಿಂದ ಹೊರಬಂದು ಕಲ್ಲಚ್ಚಿಗೆ ಹೋಗುತ್ತಿದ್ದವು. ಕಂಪ್ಯೂಟರ್ ಬಂದ ಮೇಲೆ ಅವರು ಲೇಖನಿ ಕೆಳಗಿಟ್ಟರು, ಮಗಳು ಮೌಸ್ ಹಿಡಿದಳು. ತಂದೆ ಹೋಗಿ ಹನ್ನೆರಡು ವರ್ಷವಾದರೂ ಅವರು ಬರೆಯುತ್ತಿದ್ದ ತೇಗದ ಮೇಜು ಮನೆಯ ಚಿಕ್ಕ ಕೋಣೆಯಲ್ಲಿ ಹಾಗೆಯೇ ಇತ್ತು, ಅದರ ಮುಂದೆ ಈಗ ಸಬೀಹಾ ಕೂರುತ್ತಿದ್ದಳು, ಪಕ್ಕದಲ್ಲೇ ಮಲಗುತ್ತಿದ್ದಳು. ಛತ್ತಾ ಬಜಾರಿನ ಯಾಕೂಬ್ ಸಾಬರ ಅಚ್ಚಿನ ಅಂಗಡಿಗೆ ಬರುವ ರುಕ್ಕಾಗಳಲ್ಲಿ ಒಳ್ಳೆಯವೆಲ್ಲ ಅವಳ ಕೈಯಿಂದಲೇ ಆಗಬೇಕು. ಸ್ವಂತ ನಿಕಾಹಿನ ಮಾತು ಎರಡು ಸಲ ಬಂದು ಎರಡು ಸಲವೂ ಮುರಿದಿತ್ತು. ಆಮೇಲೆ ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮನೆಯ ರೇಷನ್ನು, ಕರೆಂಟು ಅವಳ ದುಡಿಮೆಯಲ್ಲಿ ನಡೆಯುತ್ತಿತ್ತು. ಬೆಳಗಿನ ಖಿಚಡಿ, ಮಧ್ಯಾಹ್ನದ ಸಾರು ಕೂಡ ಅವಳದೇ.

ಮೊದಲ ವಾರ ತೊಂದರೆಯಾಗಲಿಲ್ಲ. ಮಗುವಿಗೆ ಹೆಸರಿಡುವ ಅಕೀಕಾದ ಎರಡು ಚಿಕ್ಕ ಕಾರ್ಡು, ಒಂದು ಅಂಗಡಿಯ ಬೋರ್ಡು. ಹೊಸದು ಸದ್ದಿಲ್ಲದೆ ಕೆಲಸ ಮಾಡಿತು. ಎರಡನೆಯ ವಾರ ಯಾಕೂಬ್ ಸಾಬ್ ಮುತ್ತಿನ ವ್ಯಾಪಾರಿಯೊಬ್ಬರ ಮನೆಯ ದೊಡ್ಡ ಕೆಲಸ ಕಳಿಸಿದರು. ಮಖಮಲ್ಲಿನ ಪೆಟ್ಟಿಗೆ, ಒಳಗೆ ಮದುವೆಯ ಐದು ಶಾಸ್ತ್ರಗಳಿಗೆ ಐದು ಎಲೆ. ಮಾಂಝೆಗೆ ಒಂದು, ಸಾಂಚಕ್‌ಗೆ ಒಂದು, ಮೆಹಂದಿ, ನಿಕಾಹ್, ವಲೀಮಾಗಳಿಗೆ ಒಂದೊಂದು. ಪ್ರತಿ ಎಲೆಗೂ ಕತ್ತರಿಸಿದ ಜಾಲರಿ, ಜಾಲರಿಯ ಹಿಂದೆ ಚಿನ್ನದ ಬಳ್ಳಿ, ಅದರ ಮೇಲೆ ಉರ್ದು ಬರಹ.

ಎರಡನೆಯ ಎಲೆಗೆ ಬರುವಷ್ಟರಲ್ಲಿ ಲ್ಯಾಪ್‌ಟಾಪ್ ನಿಂತಿತು. ಬಾಣದ ಗುರುತು ಕದಲಲಿಲ್ಲ. ಸಬೀಹಾ ಎದ್ದು ಹೋಗಿ ಬೇಳೆ ತೊಳೆದಿಟ್ಟು ಬಂದಳು. ಇನ್ನೂ ಹಾಗೇ ಇತ್ತು. ಕೊನೆಗೆ ಮೆಮೊರಿ ಸಾಲದು ಎಂಬ ಒಂದು ಸಾಲು ಕಾಣಿಸಿ ಎಲ್ಲ ಮುಚ್ಚಿಕೊಂಡಿತು. ಬೆಳಗಿನಿಂದ ಹೆಣೆದ ಬಳ್ಳಿ ಹೋಯಿತು. ಮತ್ತೆ ಹೆಣೆದಳು, ಮತ್ತೆ ಹೋಯಿತು. ಹಳೆಯದರಲ್ಲಿ ಐದೂ ಎಲೆ ಒಟ್ಟಿಗೆ ಬಿಚ್ಚಿಟ್ಟುಕೊಂಡು, ಒಂದರ ಬಳ್ಳಿ ಇನ್ನೊಂದಕ್ಕೆ ಹೊಂದಿಸುತ್ತಿದ್ದಳು. ಇದರಲ್ಲಿ ಒಂದನ್ನು ತೆರೆದರೆ ಇನ್ನೊಂದನ್ನು ಮುಚ್ಚಬೇಕು.

ಆ ದಿನ ಊಟಕ್ಕೆ ಕೂತಾಗ ಕೇಳಿದಳು.

"ಮುನ್ನೂ, ಇದ್ರಲ್ಲಿ ಮೆಮೊರಿ ಎಷ್ಟಿದೆ?"

"ಎಂಟು ಜಿಬಿ. ಯಾಕೆ?"

"ನನ್ನ ಹಳೇದ್ರಲ್ಲಿ ಮೂವತ್ತೆರಡಿತ್ತು."

"ಆಪಾ, ಹಳೇ ಎಂಟು ಬೇರೆ, ಈಗಿನ ಎಂಟು ಬೇರೆ. ಈಗಿನ ಮಾಲು ಚುರುಕು. ನೀನು ಒಂದೇ ಸಲ ಹತ್ತು ಕಿಟಕಿ ತೆಗೆದು ಕೂತ್ರೆ ಅದೇನು ಮಾಡುತ್ತೆ?"

"ಹತ್ತಲ್ಲ, ಐದು."

"ಒಂದೊಂದಾಗಿ ಮಾಡು."

"ಹುಳಿ ಖಟ್ಟಾ ಒಂದು ದಿನ, ಖೀಮಾ ಒಂದು ದಿನ ಮಾಡ್ತೀನಿ, ನೀನು ಖಿಚಡಿ ಬರೀದೇ ತಿಂತೀಯಾ?"

ಇಫ್ರಾ ಕಿಲಕಿಲ ನಕ್ಕಳು. ಮುನವ್ವರ್ ನಗಲಿಲ್ಲ. "ತಂದು ಕೊಟ್ರೂ ಮಾತು, ಕೊಡ್ದಿದ್ರೂ ಮಾತು" ಎಂದು ತಟ್ಟೆಯಲ್ಲಿ ಕೈ ತೊಳೆದುಬಿಟ್ಟ. ಅಮ್ಮಿ ಮಗಳ ಕಡೆ ತಿರುಗಿ, "ಅವನು ಪ್ರೀತಿಯಿಂದ ತಂದಿದ್ದಾನೆ. ಸ್ವಲ್ಪ ಹೊಂದ್ಕೋಬಾರ್ದಾ?" ಎಂದರು.

"ನಾನು ಹೊಂದ್ಕೋತೀನಿ ಅಮ್ಮಿ. ಅದು ಹೊಂದ್ಕೋತಿಲ್ಲ."

ಮೆಮೊರಿ ಹೆಚ್ಚಿಸುವುದು ಅವಳಿಗೆ ದೊಡ್ಡ ಸಂಗತಿ ಎಂದು ಅನ್ನಿಸಿರಲಿಲ್ಲ. ಹಳೆಯದನ್ನು ಕೊಂಡಾಗ ಅದರಲ್ಲೂ ಬರೀ ಎಂಟೇ ಇತ್ತು. ಕೆಲಸ ಹೆಚ್ಚಿದ ಹಾಗೆ ಸಿಕಂದರಾಬಾದಿನ ಪಾರ್ಕ್ ಲೇನಿಗೆ ಹೋಗಿ ಮಲ್ಲೇಶಂನಿಂದ ಹದಿನಾರು ಮಾಡಿಸಿದಳು, ಆಮೇಲೆ ಮೂವತ್ತೆರಡು. ಅರ್ಧ ಗಂಟೆಯ ಕೆಲಸ. ಅವನು ಮುಚ್ಚಳ ತೆಗೆದು, ಹಳೆಯ ತುಂಡು ಕಿತ್ತು, ಹೊಸದನ್ನು ಟಕ್ಕೆಂದು ಕೂರಿಸಿ, ಚಹಾ ಮುಗಿಯುವಷ್ಟರಲ್ಲಿ ಕೈಗಿಡುತ್ತಿದ್ದ. ಮರುದಿನ ಅವಳು ಬುರ್ಖಾ ಹಾಕಿಕೊಂಡು, ಹೊಸ ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು, ಸಿಕಂದರಾಬಾದಿನ ಬಸ್ಸು ಹತ್ತಿದಳು. ಕಂಡಕ್ಟರ್ ಹೆಂಗಸರಿಗೆ ಕೊಡುವ ಸೊನ್ನೆ ಟಿಕೆಟ್ ಹರಿದುಕೊಟ್ಟ. ಕಿಟಕಿ ಪಕ್ಕ ಸೀಟು ಸಿಕ್ಕಿತು.

ಮಲ್ಲೇಶಂ ಅವಳನ್ನು ದೂರದಿಂದಲೇ ಗುರುತು ಹಿಡಿದ. "ಏನಕ್ಕಾ, ಎರಡು ವರ್ಷ ಆಯ್ತು ಈ ಕಡೆ ಬಂದು! ನನ್ ಮಗಳ ಮದುವೆ ಕಾರ್ಡು ನೀವೇ ಮಾಡ್ಕೊಡ್ಬೇಕು, ಹೇಳಿದ್ದೆ."

"ಮಗಳಿಗೆ ಎಷ್ಟು ವಯಸ್ಸು?"

"ಹನ್ನೊಂದು."

"ಹಾಗಾದ್ರೆ ಮೊದ್ಲು ಇದಕ್ಕೆ ಹದಿನಾರು ಹಾಕಿ."

ಅವನು ಲ್ಯಾಪ್‌ಟಾಪನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದ. ಅವನ ಮುಖ ಅಲ್ಲಿಗೇ ಸ್ವಲ್ಪ ಬದಲಾಯಿತು. "ಕೂತ್ಕೊಳ್ಳಿ ಅಕ್ಕಾ" ಎಂದು ಸ್ಟೂಲು ಎಳೆದ. ಬುಡದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದ. ಮುಚ್ಚಳ ಎತ್ತಿ ದೀಪವನ್ನು ಬಗ್ಗಿಸಿ ಅವಳನ್ನು ಹತ್ತಿರ ಕರೆದ.

"ಇಲ್ಲಿ ನೋಡಿ. ಈ ನಾಲ್ಕು ಕರೀ ಚೌಕ ಇದಾವಲ್ಲ, ಅದೇ ನಿಮ್ಮ ಮೆಮೊರಿ. ಬೋರ್ಡಿಗೇ ಬೆಸುಗೆ ಹಾಕ್ಬಿಟ್ಟಿದಾರೆ. ತೆಗೆಯೋಕಿಲ್ಲ, ಸೇರ್ಸೋಕೆ ಜಾಗ ಇಲ್ಲ."

"ಒಂದು ಜಾಗಾನೂ ಇಟ್ಟಿಲ್ವಾ?"

"ಇಟ್ಟಿದ್ರೆ ಇಷ್ಟು ತೆಳ್ಳಗೆ ಹೇಗಾಗುತ್ತೆ? ಅಲ್ದೆ ನೀವು ನನ್ನತ್ರ ಬಂದ್ರೆ ಅವ್ರಿಗೇನು ಲಾಭ? ಅಂಗಡೀಲಿ ಕೊಂಡ ದಿನ ಎಷ್ಟಿತ್ತೋ ಸಾಯೋತನಕ ಅಷ್ಟೇ."

ಸಬೀಹಾ ಬಗ್ಗಿ ನೋಡುತ್ತಲೇ ಇದ್ದಳು. "ಆ ಚೌಕ ಕಿತ್ತು ದೊಡ್ಡದು ಬೆಸೆಯೋಕೆ ಬರಲ್ವಾ? ನಿಮಗೆ ಬರದ್ದೇನಿದೆ?"

ಮಲ್ಲೇಶಂ ತಲೆ ಕೆರೆದುಕೊಂಡ. "ಮಾಡೋರಿದಾರೆ. ಬಿಸಿ ಗಾಳಿ ಕೊಟ್ಟು ಎತ್ತಬೇಕು. ಹತ್ತರಲ್ಲಿ ಆರು ಸಾಯ್ತವೆ. ನಿಮ್ಮದನ್ನ ನಾನು ಕೊಲ್ಲಲ್ಲ ಅಕ್ಕಾ. ನಿಮ್ಮ ಹಳೇ ಕರೀದು ಎಲ್ಲಿ? ನಾನೇ ಮೂವತ್ತೆರಡು ಹಾಕಿದ್ದು. ಕಲ್ಲಿದ್ದಂಗಿತ್ತು. ಇನ್ನೂ ಐದು ವರ್ಷ ಬರ್ತಿತ್ತು."

"ತಮ್ಮ ಎಕ್ಸ್‌ಚೇಂಜಿಗೆ ಕೊಟ್ಟ."

ಅವನು ದೀಪ ಪಕ್ಕಕ್ಕೆ ಸರಿಸಿದ. ಮುಚ್ಚಳ ಹಾಕಿ ಸ್ಕ್ರೂ ಬಿಗಿದ. ಅವಳು ಪರ್ಸು ತೆಗೆದರೆ ಕೈ ಅಡ್ಡ ಹಿಡಿದ. "ಏನೂ ಮಾಡ್ಲಿಲ್ಲವಲ್ಲ, ಏನಂತ ತಗೊಳ್ಲಿ? ದಿನಾ ಇಂಥಾ ಹತ್ತು ಜನ ಬರ್ತಾರೆ. ಬಿಚ್ಚಿ ತೋರ್ಸೋದು, ಮುಚ್ಚಿ ಕೊಡೋದು. ನನ್ ಕೆಲಸ ಈಗ ಅಷ್ಟೇ ಆಗಿದೆ." ಚಹಾ ಮಾತ್ರ ತರಿಸಿದ. ಅವಳು ಅದನ್ನು ಪೂರ್ತಿ ಕುಡಿಯದೆ ಎದ್ದಳು.

ಮನೆಗೆ ಬಂದಾಗ ಇಳಿಮಧ್ಯಾಹ್ನ, ಅಸರ್ ನಮಾಜಿನ ಹೊತ್ತು. ಮುನವ್ವರ್‌ಗೆ ಆ ದಿನ ರಜೆ. ತಖ್ತದ ಮೇಲೆ ಮಲಗಿ ಫೋನು ನೋಡುತ್ತಿದ್ದ. ಸಬೀಹಾ ಬುರ್ಖಾ ತೆಗೆಯದೆಯೇ ಎದುರು ನಿಂತಳು.

"ಇದ್ರಲ್ಲಿ ಮೆಮೊರಿ ಹೆಚ್ಚಿಸೋಕೆ ಆಗಲ್ಲ ಅಂತ ನಿನ್ಗೆ ಗೊತ್ತಿತ್ತಾ?"

"ಯಾರು ಹೇಳಿದ್ದು? ಆ ಪಾರ್ಕ್ ಲೇನಿನವನಾ?"

"ಗೊತ್ತಿತ್ತಾ, ಇಲ್ವಾ?"

ಅವನು ಎದ್ದು ಕೂತ. "ಯಾರೂ ಕೇಳಲ್ಲ ಆಪಾ ಅದನ್ನ. ಬಣ್ಣ ಕೇಳ್ತಾರೆ, ತೂಕ ಕೇಳ್ತಾರೆ. ಜನಕ್ಕೆ ಎಂಟು ಸಾಕು."

"ನಾನು ಜನ ಅಲ್ಲ. ನಿನ್ನ ಅಕ್ಕ."

"ಹದಿನಾರರದು ತರೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ, ಸರೀನಾ? ಈ ಮಾಡೆಲ್ ಮೇಲೆ ಎಕ್ಸ್‌ಚೇಂಜ್ ಬೋನಸ್ ಇತ್ತು, ತಂದೆ."

"ಹಾಗಾದ್ರೆ ಹಳೇದನ್ನ ಬಿಟ್ಟಿದ್ರೆ ಆಗ್ತಿತ್ತಲ್ಲ! ನಾನು ಹೊಸದು ಕೇಳಿದ್ನಾ?"

ಒಳಬಾಗಿಲಲ್ಲಿ ನಿಂತಿದ್ದ ತಸ್ನೀಮ್ ಈಗ ಬಾಯಿ ಹಾಕಿದಳು. "ನೀವು ಕೇಳಲಿಲ್ಲ ಆಪಾ. ನಾನು ಕೇಳಿದ್ದೆ."

"ನೀನಾ?"

"ಇಫ್ರಾಗೆ ಎಂಟು ತುಂಬುತ್ತೆ. ಇನ್ನೂ ನಮ್ಮಿಬ್ಬರ ಮಧ್ಯೆ ಮಲಗ್ತಾಳೆ. ಹೋಂವರ್ಕು ಈ ತಖ್ತದ ಮೇಲೆ. ಅಬ್ಬಾಜಾನರ ಮೇಜು ಒಂದೇ ಆ ಕೋಣೆ ಪೂರ್ತಿ ತಿಂದಿದೆ. ಆ ದೊಡ್ಡ ಪೆಟ್ಟಿಗೆ, ವೈರು, ಇದೆಲ್ಲ ಇದ್ರೆ ತಾನೇ ಮೇಜು ಬೇಕು? ಇದಾದ್ರೆ ತೆಳ್ಳಗಿದೆ, ಎಲ್ಲಿ ಬೇಕಾದ್ರೂ ಕೂತು ಮಾಡ್ಬಹುದು. ಅಮ್ಮಿ ಕೋಣೇಲಿ ಮಾಡಿ, ಇಲ್ಲಿ ಮಾಡಿ, ಮಹಡಿ ಮೇಲೆ ಮಾಡಿ. ಯಾರು ಬೇಡ ಅಂದ್ರು?"

"ನನ್ನ ಕೋಣೆ ಬೇಕು ಅಂತ ನೇರವಾಗಿ ಹೇಳೋಕೆ ನಾಲಿಗೆ ಇರ್ಲಿಲ್ವಾ?"

"ಹೇಳಿದ್ರೆ ಅಳ್ತೀರಿ. ಅದಕ್ಕೇ ಅಮ್ಮಿ, ಮೊದ್ಲು ಹೊಸದು ತಂದು ಖುಷಿಪಡಿಸಿ, ಆಮೇಲೆ ಮೆಲ್ಲಗೆ ಹೇಳೋಣ ಅಂದ್ರು."

ಸಬೀಹಾ ಅಮ್ಮಿಯ ಕಡೆ ನೋಡಿದಳು. ಅಮ್ಮಿ ಜಪಮಣಿಯನ್ನು ಸರಸರ ಉರುಳಿಸುತ್ತಿದ್ದರು.

"ಅಮ್ಮಿ?"

"ಮಗು ಬೆಳೀತಾ ಇದೆಯಲ್ಲೇ" ಎಂದರು ಅಮ್ಮಿ. "ನಿನ್ಗೇನು, ನನ್ನ ಪಕ್ಕ ಒಂದು ಮಂಚ ಹಾಕಿದ್ರೆ ಆಯ್ತು. ನನಗೂ ಜೊತೆ. ಒಬ್ಬಳಿಗೆ ಒಂದು ಕೋಣೆ ಅಂದ್ರೆ..."

ಆ ದಿನ ಸಾರು ಮಾಡಿದ್ದು ತಸ್ನೀಮ್. ಸಬೀಹಾ ತಲೆನೋವೆಂದು ಕೋಣೆಯಲ್ಲೇ ಇದ್ದಳು. ಇಫ್ರಾ ಬಾಗಿಲ ಸಂದಿಯಿಂದ ಇಣುಕಿ, "ಫುಪ್ಪು, ಖಟ್ಟಿ ದಾಲ್‌ಗೆ ಹುಣಸೇಹಣ್ಣೇ ಹಾಕಿಲ್ಲ ಮಮ್ಮಿ" ಎಂದು ಪಿಸುಗುಟ್ಟಿ ಓಡಿದಳು. ಸಬೀಹಾಗೆ ನಗು ಬಂತು. ನಗುವುದಕ್ಕೆ ಎದುರಿಗೆ ಯಾರೂ ಇರಲಿಲ್ಲ.

ಮುತ್ತಿನ ವ್ಯಾಪಾರಿಯ ಕೆಲಸ ಹೇಳಿದ ದಿನಕ್ಕೆ ಆಗಲಿಲ್ಲ. ಐದು ಎಲೆಗಳಲ್ಲಿ ಮೂರೇ ಮುಗಿದಿದ್ದವು. ಅದರಲ್ಲೂ ಒಂದರ ಬಳ್ಳಿ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ. ಯಾಕೂಬ್ ಸಾಬ್ ಬೈಯಲಿಲ್ಲ. ಎಪ್ಪತ್ತು ವರ್ಷದ ಮನುಷ್ಯ, ಅವಳ ತಂದೆಯ ಗೆಳೆಯರು. ಫೋನಿನಲ್ಲಿ, "ಬೇಟಾ, ಇಪ್ಪತ್ತು ವರ್ಷದಲ್ಲಿ ಇದೇ ಮೊದಲು" ಎಂದರು. ಆ ಕೆಲಸ ಬೇರೆಯವರ ಕೈಗೆ ಹೋಯಿತು. ಮುಂದಿನದೂ ಹೋಯಿತು. ಮೂರನೆಯ ಸಲ ಅವಳೇ ಅಂಗಡಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೋಣೆಯ ಮಾತು ಬಿಟ್ಟು.

ಯಾಕೂಬ್ ಸಾಬ್ ಗಡ್ಡ ನೀವಿಕೊಂಡರು. "ನಮ್ಮ ಹಿಂದಿನ ಕೋಣೇಲಿ ದೊಡ್ಡ ಕಂಪ್ಯೂಟರಿದೆ. ಅದನ್ನ ನೋಡ್ಕೋತಿದ್ದ ಹುಡುಗ ಬಿಟ್ಟು ಹೋದ. ಬಂದು ಕೂತ್ಕೋ. ಬೆಳಗ್ಗೆ ಹತ್ತಕ್ಕೆ ಬಾ, ಸಂಜೆ ಮಗ್ರಿಬ್‌ಗೆ ಮೊದಲು ಹೋಗು. ಮಧ್ಯೆ ಬಾಗಿಲಿದೆ, ಪರದೆ ಇದೆ. ನಿನ್ನನ್ನ ಯಾರೂ ಮಾತಾಡಿಸಲ್ಲ."

ಮನೆಯಲ್ಲಿ ಅಮ್ಮಿ ಒಪ್ಪಲಿಲ್ಲ. "ಗಂಡಸರ ಅಂಗಡೀಲಿ ಹೋಗಿ ಕೂರ್ತೀಯಾ? ನಿಮ್ಮಬ್ಬ ಇದ್ದಿದ್ರೆ?"

"ಅಬ್ಬ ಇದ್ದಿದ್ರೆ ಮೇಜಿನ ಮಾತು ಯಾರೂ ಎತ್ತುತ್ತಿರ್ಲಿಲ್ಲ."

"ಒಲೆ ಮೇಲೆ ಹಂಡಿ ಯಾರು ಇಡೋರು ಬೆಳಗ್ಗೆ?" ಎಂದಳು ತಸ್ನೀಮ್. ನಿಜವಾಗಿಯೂ ಗಾಬರಿಯಿಂದಲೇ ಕೇಳಿದಳು.

ಸಬೀಹಾ ಅಂಗಡಿಗೆ ಹೋಗತೊಡಗಿದಳು. ಅಂಗಡಿಯ ಹಿಂದಿನ ಕೋಣೆಗೆ ಒಂದು ಕಿಟಕಿ, ಆಚೆ ಕಾಗದ ಕತ್ತರಿಸುವ ಯಂತ್ರದ ಸದ್ದು. ಕಂಪ್ಯೂಟರ್ ಮೇಜಿನ ಕೆಳಗೆ ನಿಂತ ದೊಡ್ಡ ಡಬ್ಬ. ಪಕ್ಕದ ತಗಡು ತೆಗೆದರೆ ಒಳಗೆಲ್ಲ ಕಾಣುತ್ತಿತ್ತು. ಮೆಮೊರಿಗೆ ಇನ್ನೂ ಎರಡು ಜಾಗ ಖಾಲಿ ಇದ್ದವು. ಐದು ಎಲೆ ಒಟ್ಟಿಗೆ ತೆರೆದಳು, ಎಲ್ಲೂ ನಿಲ್ಲಲಿಲ್ಲ. ಎರಡು ದಿನದ ಕೆಲಸ ಒಂದು ದಿನಕ್ಕೆ ಮುಗಿಯತೊಡಗಿತು. ಯಾಕೂಬ್ ಸಾಬ್ ಹೇಳಿದ ಮಾತು ಉಳಿಸಿಕೊಂಡರು. ಯಾರೂ ಅವಳನ್ನು ಮಾತಾಡಿಸಲಿಲ್ಲ. ಪರದೆಯ ಕೆಳಗಿಂದ ಕೆಲಸದ ಚೀಟಿ ಬರುತ್ತಿತ್ತು, ಚಹಾದ ಲೋಟ ಬರುತ್ತಿತ್ತು. ಮಧ್ಯಾಹ್ನದ ಝೊಹರ್ ಆದ ಮೇಲೆ ಅವಳು ಬುತ್ತಿ ಬಿಚ್ಚಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಮನೆಯಲ್ಲಿದ್ದಾಗ ಅವಳ ಊಟ ಯಾವತ್ತೂ ಒಂದೇ ಸಲಕ್ಕೆ ಮುಗಿದದ್ದಿಲ್ಲ. ಅಮ್ಮಿಯ ಮಾತ್ರೆ, ಇಫ್ರಾಳ ಹಾಲು, ಬಾಗಿಲಿಗೆ ಬಂದ ತರಕಾರಿಯವನು. ಈಗ ಹತ್ತು ನಿಮಿಷಕ್ಕೆ ಡಬ್ಬಿ ಖಾಲಿಯಾಗುತ್ತಿತ್ತು, ಆಮೇಲೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಮನೆಯಲ್ಲೂ ದಿನಚರಿ ಬದಲಾಯಿತು. ಮೊದಲ ಹದಿನೈದು ದಿನ ಇಫ್ರಾ ಶಾಲೆಗೆ ತಡವಾಗಿ ಹೋದಳು. ಮುನವ್ವರ್ ಹೋಟೆಲಿನ ಖಿಚಡಿ ತಿಂದು ಹೊಟ್ಟೆ ಕೆಡಿಸಿಕೊಂಡ. "ನಿಮ್ಮಕ್ಕನಿಗೆ ಹೇಳಿ" ಎಂದು ತಸ್ನೀಮ್, "ನೀನೇ ಹೇಳು, ನೀನೇ ತಾನೇ ಶುರು ಮಾಡಿದ್ದು" ಎಂದು ಅವನು ಜಗಳವಾಡಿದರು. ಆದರೆ ತಸ್ನೀಮ್ ಮೂರ್ಖಳಲ್ಲ. ತಿಂಗಳಾಗುವಷ್ಟರಲ್ಲಿ ಬೆಳಗಿನ ಐದೂವರೆಗೆ ಏಳುವುದು ಕಲಿತಳು. ದಾಲ್‌ಗೆ ಹುಣಸೇಹಣ್ಣು ಹಾಕುವುದನ್ನೂ ಕಲಿತಳು. ಒಂದು ದಿನ ಸಬೀಹಾಳ ಬುತ್ತಿಯನ್ನೂ ಕಟ್ಟಿಕೊಟ್ಟಳು. ಮುಚ್ಚಳ ತೆಗೆದ ಕೂಡಲೇ ಸಬೀಹಾಗೆ ತಿಳಿಯಿತು, ಟಮಾಟೆ ಕಟ್ ಗೊಜ್ಜು ಸರಿಯಾಗಿ ಬಂದಿದೆ ಎಂದು. ತಾನಿಲ್ಲದೆ ಆ ಮನೆ ನಡೆಯುತ್ತದೆ.

ಒಂದು ಮಂಗಳವಾರ ಸಂಜೆ ಮನೆಗೆ ಬಂದಾಗ ಅಂಗಳದ ತುಂಬ ಮರದ ಹೊಟ್ಟು ಬಿದ್ದಿತ್ತು. ಮೇಜು ಬಾಗಿಲಲ್ಲಿ ಹಿಡಿಯದೆ ಹೋಗಿ, ಬಡಗಿ ಕಾಲು ಬಿಚ್ಚಿ, ಹಲಗೆಯನ್ನು ನಡುವೆ ಕುಯ್ದು ಸಾಗಿಸಿದ್ದ. ಚಿಕ್ಕ ಕೋಣೆಯ ಗೋಡೆಗೆ ಗುಲಾಬಿ ಬಣ್ಣ, ಮೂಲೆಯಲ್ಲಿ ಹೊಸ ಪುಟ್ಟ ಮಂಚ, ಪುಟ್ಟ ಮೇಜು.

"ಫುಪ್ಪು, ನನ್ನ ಕೋಣೆ ನೋಡು! ಚಪ್ಪಲಿ ಬಿಟ್ಟು ಬಾ!"

ಸಬೀಹಾ ಚಪ್ಪಲಿ ಬಿಟ್ಟು ಒಳಗೆ ಹೋದಳು. ಇಫ್ರಾಳ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿಕೊಟ್ಟಳು. ಬೆಳ್ಳಿ ಬಣ್ಣದ ಲ್ಯಾಪ್‌ಟಾಪನ್ನು ತಂದು ಅವಳ ಪುಟ್ಟ ಮೇಜಿನ ಮೇಲಿಟ್ಟಳು. "ಇದನ್ನ ನೀನು ಇಟ್ಕೋ. ಶಾಲೆ ಪಾಠಕ್ಕೆ ಚೆನ್ನಾಗಿದೆ." ಮಗು ಅವಳ ಸೊಂಟ ತಬ್ಬಿಕೊಂಡಿತು. ಬಾಗಿಲಲ್ಲಿ ಮುನವ್ವರ್ ನಿಂತಿದ್ದ. "ಆಪಾ, ನಿನ್ಗೆ ಹೇಳಿ ಮಾಡೋಣ ಅಂತಲೇ ಇದ್ದೆ. ಬಡಗಿ ಇವತ್ತೇ ಸಿಕ್ಕಿದ" ಎಂದ. ಅವಳು, "ಗೋಡೆ ಬಣ್ಣ ಚೆನ್ನಾಗಿದೆ" ಎಂದಷ್ಟೇ ಹೇಳಿದಳು.

ಅಮ್ಮಿಯ ಕೋಣೆಯಲ್ಲಿ ಅವಳಿಗೆ ಮಂಚ ಹಾಕಿತ್ತು. ಅವಳ ಬಟ್ಟೆಗಳು ಒಂದು ಟ್ರಂಕಿನಲ್ಲಿ, ತಂದೆಯ ಲೇಖನಿಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಮಂಚ ಹಾಕಿದ ಮೇಲೆ ಅಮ್ಮಿಗೆ ನಮಾಜಿನ ಚಾಪೆ ಹಾಸಲು ಜಾಗವಿರಲಿಲ್ಲ. ಅವರು ನಡುಮನೆಯಲ್ಲಿ ಹಾಸಿಕೊಂಡಿದ್ದರು. ಸಬೀಹಾ ಅದನ್ನು ನೋಡಿದಳು.

ಯಾಕೂಬ್ ಸಾಬರ ತಂಗಿ ಪುರಾನಿ ಹವೇಲಿಯ ಹತ್ತಿರ ಒಬ್ಬರೇ ಇದ್ದರು. ಮಹಡಿಯ ಮೇಲೊಂದು ಕೋಣೆ ಖಾಲಿ ಇತ್ತು. ಸಬೀಹಾ ಮಾತಾಡಿ ಬಂದು ಮನೆಯಲ್ಲಿ ಹೇಳಿದ ದಿನ ಅಮ್ಮಿ ಎದೆ ಹೊಡೆದುಕೊಂಡರು. "ಮದುವೆ ಆಗದ ಹೆಣ್ಣು ಮನೆ ಬಿಟ್ಟು ಹೋದ್ರೆ ಜನ ಏನಂತಾರೆ? ನಾವು ಆಚೆ ಹಾಕಿದ್ವಿ ಅಂತಾರೆ!"

"ಕೆಲಸಕ್ಕೆ ಹತ್ರ ಅಂತ ಹೋದ್ಲು ಅನ್ನಿ."

"ಬೇಡ ಆಪಾ" ಎಂದ ಮುನವ್ವರ್. "ಬೇಕಿದ್ರೆ ಕೋಣೆ ವಾಪಸ್..."

ಒಳಗೆ ಇಫ್ರಾ ಹಾಡು ಹೇಳುತ್ತ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದಳು. ಅವನು ಆ ಕಡೆ ತಿರುಗಿ ನೋಡಿದ.

"ಬಿಡು ಮುನ್ನೂ" ಎಂದಳು ಸಬೀಹಾ. "ಮಗೂಗೆ ಕೊಟ್ಟು ಕಿತ್ಕೋಬಾರ್ದು."

ಅವಳು ಹೋದ ಮೇಲಿನ ಮೂರನೆಯ ಶುಕ್ರವಾರ ಊಟಕ್ಕೆ ಬರಬೇಕೆಂದು ಅಮ್ಮಿ ಫೋನು ಮಾಡಿಸಿದರು. ಅಂಗಡಿಗೆ ರಜೆ. ಸಬೀಹಾ ದಾರಿಯಲ್ಲಿ ಉಸ್ಮಾನಿಯಾ ಬಿಸ್ಕತ್ತಿನ ಒಂದು ಡಬ್ಬ ಕಟ್ಟಿಸಿಕೊಂಡಳು. ಕೈಯಲ್ಲಿ ಡಬ್ಬ ಹಿಡಿದು ಆ ಬಾಗಿಲನ್ನು ತಟ್ಟುವುದು ವಿಚಿತ್ರವೆನಿಸಿತು.

ಊಟದ ದಸ್ತರಖಾನ್ ಹಾಸಿತ್ತು. ತಸ್ನೀಮ್ ತನ್ನ ಮದುವೆಯಲ್ಲಿ ಬಂದ, ಅಂಚಿಗೆ ನೀಲಿ ಹೂವಿದ್ದ ತಟ್ಟೆಗಳನ್ನು ತೆಗೆದಿದ್ದಳು. ಅವು ನೆಂಟರು ಬಂದಾಗ ಮಾತ್ರ ಕಪಾಟಿನಿಂದ ಇಳಿಯುವಂಥವು. ಬಗಾರಾ ಅನ್ನ, ದಾಲ್ಚಾ, ಹುರಿದ ಮಾಂಸ. ಮೊದಲ ಸೌಟು ಸಬೀಹಾಳ ತಟ್ಟೆಗೆ ಬಿತ್ತು.

"ಹಾಕ್ಕೊಳ್ಳಿ ಆಪಾ, ಸಂಕೋಚ ಬೇಡ" ಎಂದಳು ತಸ್ನೀಮ್, ಮನಸಾರೆ.

"ಸಾಕು, ಸಾಕು."

"ಇದೇನು, ಏನೂ ತಿಂತಿಲ್ಲ" ಎಂದರು ಅಮ್ಮಿ. "ಅಲ್ಲಿ ಏನು ಮಾಡ್ಕೋತೀಯ?"

"ಅನ್ನ, ಮೊಟ್ಟೆ. ಒಬ್ಬಳಿಗೆ ಏನು ಮಾಡೋದು ಅಮ್ಮಿ."

ಇಫ್ರಾ ತಾನು ಬಿಡಿಸಿದ ಚಿತ್ರ ತೋರಿಸಿದಳು. ಮಾತು ಶಾಲೆಗೆ ಹೋಯಿತು, ಪಕ್ಕದ ಬೀದಿಯ ನಿಕಾಹಿಗೆ ಹೋಯಿತು. ನಡುವೆ ಮುನವ್ವರ್ ತಲೆ ತಗ್ಗಿಸಿಕೊಂಡೇ ಹೇಳಿದ. "ಮೊನ್ನೆ ಒಬ್ಬರು ಹೆಂಗಸು ಬಂದಿದ್ರು ಶೋರೂಮಿಗೆ. ಮಗನಿಗೆ ಇಂಜಿನಿಯರಿಂಗ್. ಅದೇ ಮಾಡೆಲ್ ಕೈಲಿ ಹಿಡ್ಕೊಂಡಿದ್ರು. ನಾನೇ ಹೇಳ್ದೆ, ಅಮ್ಮಾ, ಇದ್ರಲ್ಲಿ ಮುಂದೆ ಏನೂ ಹೆಚ್ಚಿಸೋಕಾಗಲ್ಲ, ಯೋಚ್ನೆ ಮಾಡಿ ಅಂತ. ಅವ್ರು ತಗೊಳ್ದೇ ಹೋದ್ರು. ಮ್ಯಾನೇಜರ್ ಎಲ್ಲರೆದುರು ಬೈದ."

"ಒಳ್ಳೇ ಕೆಲಸ ಮಾಡ್ದೆ" ಎಂದಳು ಸಬೀಹಾ. ತಮ್ಮನ ತಟ್ಟೆಗೆ ಒಂದು ತುಂಡು ಮಾಂಸ ಹಾಕಲು ಸೌಟಿಗೆ ಕೈ ಚಾಚಿದಳು. ಸೌಟು ತಸ್ನೀಮಳ ಕಡೆ ಇತ್ತು. ಅವಳೇ ಬಡಿಸಿಬಿಟ್ಟಳು.

ಊಟವಾದ ಮೇಲೆ ಸಬೀಹಾ ಅಭ್ಯಾಸದಂತೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಎದ್ದಳು. ತಸ್ನೀಮ್ ಓಡಿಬಂದು ಕೈಯಿಂದ ಕಿತ್ತುಕೊಂಡಳು. "ಅಯ್ಯೋ, ಬೇಡ, ನಕ್ಕೋ ಆಪಾ! ನೀವು ಬಂದಿರೋದೇ ಅಪರೂಪಕ್ಕೆ, ನಿಮ್ಮ ಕೈಲಿ ತಟ್ಟೆ ತೊಳಸ್ತೀನಾ? ಕೂತ್ಕೊಳ್ಳಿ. ಚಹಾ ತರ್ತೀನಿ."

ಇಪ್ಪತ್ತೈದು ವರ್ಷ ಸಬೀಹಾ ನಿಂತು ತಟ್ಟೆ ತೊಳೆದ ಅಡುಗೆಮನೆ ಅದು. ಒಳಗೆ ನಲ್ಲಿಯ ಸದ್ದು, ಇಫ್ರಾ ತಾಯಿಗೆ ಏನೋ ಹೇಳಿ ನಗುವ ಸದ್ದು ಕೇಳಿಬಂತು. ಸಬೀಹಾ ತಖ್ತದ ಅಂಚಿನಲ್ಲಿ, ನೆಂಟರು ಕೂರುವ ಜಾಗದಲ್ಲಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಚಹಾ ಬಂತು. ಬಿಸ್ಕತ್ತೂ ಬಂತು, ಅವಳೇ ತಂದದ್ದು. ಒಂದು ತಿಂದಳು.

ಹೊರಡುವಾಗ ಅಮ್ಮಿ ಅವಳ ತಲೆ ಮೇಲೆ ಕೈಯಿಟ್ಟು, "ಬರ್ತಾ ಇರು" ಎಂದರು. ಹೇಳಿದ ಮೇಲೆ ತಾವು ಹೇಳಿದ್ದು ತಮಗೇ ಕೇಳಿಸಿದಂತೆ ತಲೆ ಮೇಲಿನ ಕೈ ತೆಗೆದರು. ಮಗಳ ಕೈಯನ್ನು ಹಿಡಿದುಕೊಂಡರು, ಬಿಡಲಿಲ್ಲ. ಸಬೀಹಾಳೇ ಮೆಲ್ಲಗೆ ಬಿಡಿಸಿಕೊಂಡಳು.

ಮುನವ್ವರ್ ಗಲ್ಲಿಯ ತುದಿಯವರೆಗೆ ಬಂದು ಆಟೋ ನಿಲ್ಲಿಸಿದ. ಆಟೋದವನು ಕತ್ತು ಹೊರಳಿಸಿ ಕೇಳಿದ.

"ಮನೆ ಎಲ್ಲಿ ಅಮ್ಮಾ?"

ಅವಳು ಬಾಯಿ ತೆರೆದಳು. ತಮ್ಮ ಅವಳ ಮುಖವನ್ನೇ ನೋಡುತ್ತಿದ್ದ.

"ಪುರಾನಿ ಹವೇಲಿ" ಎಂದು ಹೇಳಿ ಅವಳು ಬುರ್ಖಾದ ಅಂಚನ್ನು ಒಳಗೆಳೆದುಕೊಂಡು ಕೂತಳು.